ಸೊಪ್ಪಿನಿಂದ ನೂಲು: ಜೀವಕೋಶದ ಅಡುಗೆಮನೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಮಕ್ಕಳಿಗೆ ಮಾಡಿದ ಭಾಷಣದ ಬರಹರೂಪ)



ನಾನು ಇದೇ ಶಾಲೆಯಲ್ಲಿ ಓದಿ, ಮುಂದೆ ವಿಜ್ಞಾನದ ಮೇಷ್ಟ್ರಾಗಿ ನಿವೃತ್ತನಾದವನು. ಜೀವಕೋಶದ ರಸಾಯನ ಎಂದ ಕೂಡಲೇ ಮಕ್ಕಳ ಮುಖ ಬಾಡುವುದನ್ನು ಬಹಳ ವರ್ಷ ನೋಡಿದ್ದೇನೆ. ಪ್ರೋಟೀನು, ಪಿಷ್ಟ, ಕೊಬ್ಬು ಎಂದು ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತೀರಿ. ಇವತ್ತು ಪಟ್ಟಿ ಬೇಡ. ಮನೆಯಲ್ಲಿ ರೇಷ್ಮೆ ಹುಳು ಸಾಕುವವರು ಕೈ ಎತ್ತಿ ನೋಡೋಣ. ಇಷ್ಟು ಜನ ಇದ್ದೀರಲ್ಲ! ನಮ್ಮ ಪ್ರಯೋಗಶಾಲೆ ನಿಮ್ಮ ಹುಳುಮನೆಯಲ್ಲೇ ಇದೆ.

ಮೊಟ್ಟೆಯಿಂದ ಹೊರಬಂದ ಮರಿಹುಳು ಇರುವೆಯಷ್ಟು ಇರುತ್ತದೆ. ಸುಮಾರು 25 ದಿನಗಳಲ್ಲಿ ಅದರ ತೂಕ ಸುಮಾರು 10,000 ಪಟ್ಟು ಹೆಚ್ಚುತ್ತದೆ. ತಿಂದದ್ದು ಹಿಪ್ಪುನೇರಳೆ ಸೊಪ್ಪು ಮಾತ್ರ. ಹಸಿರು ಸೊಪ್ಪು ಹೊಳೆಯುವ ನೂಲಾದದ್ದು ಹೇಗೆ?

ಸೊಪ್ಪು, ಹುಳು, ನೀವು, ನಾನು ಎಲ್ಲರೂ ಜೀವಕೋಶಗಳಿಂದ ಆದವರು. ಜೀವಿಗಳ ದೇಹದ ತೂಕದಲ್ಲಿ ಹೆಚ್ಚಿನ ಪಾಲು ನಾಲ್ಕೇ ಧಾತುಗಳದ್ದು: ಆಮ್ಲಜನಕ, ಇಂಗಾಲ, ಜಲಜನಕ, ಸಾರಜನಕ. ಕೋಶದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಉಳಿದದ್ದರಲ್ಲಿ ಮುಖ್ಯವಾದದ್ದು ಪ್ರೋಟೀನು. ಪ್ರೋಟೀನು ಒಂದು ಹೂಮಾಲೆ ಎಂದುಕೊಳ್ಳಿ. ಅದರ ಹೂವುಗಳೇ ಅಮೈನೋ ಆಮ್ಲಗಳು. ಹೂವಿನ ಬಗೆ 20. ಯಾವ ಹೂವಿನ ಪಕ್ಕ ಯಾವ ಹೂವು ಎಂಬ ಲೆಕ್ಕ ಕೋಶದ ಡಿಎನ್‌ಎಯಲ್ಲಿ ಇರುತ್ತದೆ.

ಹುಳು ಸೊಪ್ಪಿನ ಪ್ರೋಟೀನನ್ನು ಹಾಗೇ ಇಟ್ಟುಕೊಳ್ಳುವುದಿಲ್ಲ. ಹೊಟ್ಟೆಯಲ್ಲಿ ಮಾಲೆ ಬಿಚ್ಚಿ ಹೂವು ಬಿಡಿಸುತ್ತದೆ. ಆ ಬಿಡಿ ಹೂವುಗಳಿಂದ ರೇಷ್ಮೆ ಗ್ರಂಥಿಯ ಕೋಶಗಳು ಹೊಸ ಮಾಲೆ ಕಟ್ಟುತ್ತವೆ. ಅದರ ಹೆಸರು ಫೈಬ್ರಾಯಿನ್. ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಾಲು ಗ್ಲೈಸಿನ್, ಅಲನಿನ್, ಸೆರಿನ್ ಎಂಬ ಮೂರೇ ಹೂವುಗಳು. ಅದೇ ಗ್ರಂಥಿಯ ಇನ್ನೊಂದು ಭಾಗ ಸೆರಿಸಿನ್ ಎಂಬ ಅಂಟನ್ನು ತಯಾರಿಸಿ ನೂಲಿನ ಮೇಲೆ ಬಳಿಯುತ್ತದೆ. ಶಿಡ್ಲಘಟ್ಟದ ರೀಲಿಂಗ್ ಘಟಕದಲ್ಲಿ ಗೂಡನ್ನು ಬಿಸಿನೀರಿಗೆ ಹಾಕುವುದನ್ನು ನೋಡಿದ್ದೀರಲ್ಲ? ಅಂಟು ಸಡಿಲವಾಗುತ್ತದೆ, ನೂಲು ಕರಗುವುದಿಲ್ಲ. ಫೈಬ್ರಾಯಿನಿನ ಮಾಲೆಗಳು ಒಂದಕ್ಕೊಂದು ಒತ್ತಾಗಿ ಹೆಣೆದುಕೊಂಡಿರುವುದೇ ಕಾರಣ. ಹಾಗಾಗಿಯೇ ಒಂದು ಗೂಡಿನಿಂದ ಸುಮಾರು ಒಂದು ಕಿಲೋಮೀಟರ್ ಎಳೆ ಬಿಚ್ಚಲು ಸಾಧ್ಯ.

ಕಟ್ಟುವ ಕೆಲಸಕ್ಕೆ ಶಕ್ತಿ ಬೇಕು. ಕೋಶ ಸಕ್ಕರೆಯನ್ನು ಆಮ್ಲಜನಕದ ಜೊತೆ ಸೇರಿಸಿ ಶಕ್ತಿ ಪಡೆಯುತ್ತದೆ; ಇಂಗಾಲದ ಡೈಆಕ್ಸೈಡ್, ನೀರು, ಶಾಖ ಹೊರಬರುತ್ತವೆ. ನಾಲ್ಕನೇ ಜ್ವರ ಎದ್ದ ಹುಳು ಮೇಯುವಾಗ ಕಿಟಕಿ ತೆಗೆದು ಗಾಳಿಯಾಡಿಸಿ ಎನ್ನುವುದು ಇದಕ್ಕೇ.

ಮಕ್ಕಳೇ, ಇಲ್ಲಿ ಒಂದು ಮಾತು ನೆನಪಿಡಿ. ಕೋಶ ಎಷ್ಟೇ ಜಾಣನಾದರೂ ತನಗೆ ಸಿಕ್ಕಿದ್ದರಿಂದಲೇ ಕಟ್ಟಬೇಕು. ಒಣಗಿದ, ಬಲಿತ ಸೊಪ್ಪು ಹಾಕಿದರೆ ಗೂಡು ತೆಳುವಾಗುತ್ತದೆ. ಇದು ನಿಮ್ಮ ಅಪ್ಪ ಅಮ್ಮನಿಗೆ ಗೊತ್ತು. ಹುಳುವಿಗೆ ಒಳ್ಳೆಯ ಸೊಪ್ಪು ಆರಿಸಿ ತರುವ ನಾವು, ನಮ್ಮ ಕೋಶಗಳಿಗೆ ಏನು ಕೊಡುತ್ತಿದ್ದೇವೆ?

ಮೊದಲು ನೀರಿನ ವಿಷಯ. ನಮ್ಮ ಕಡೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲೆಡೆ ಕೊಳವೆಬಾವಿಯೇ ಗತಿ. ಸಾವಿರ ಅಡಿ ದಾಟಿ ಕೊರೆದಿದ್ದೇವೆ. ಆಳದ ಬಂಡೆಯಲ್ಲಿರುವ ಫ್ಲೋರೈಡ್ ನೀರಿಗೆ ಬರುತ್ತದೆ. ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಜಿಲ್ಲೆಯ ಹಲವು ಊರುಗಳ ನೀರಿನಲ್ಲಿ ಇದಕ್ಕಿಂತ ಹೆಚ್ಚಿದೆ. ಚಿಕ್ಕ ವಯಸ್ಸಿನಲ್ಲಿ ಹಲ್ಲಿನ ಹೊರಪದರ ಕಟ್ಟುವ ಕೋಶಗಳ ಕೆಲಸವನ್ನು ಈ ಫ್ಲೋರೈಡ್ ಕೆಡಿಸುತ್ತದೆ. ಆಗ ಹಲ್ಲಿನ ಮೇಲೆ ಬಿಳಿ, ಕಂದು ಕಲೆ ಮೂಡುತ್ತದೆ. ಬಹಳ ವರ್ಷ ಕುಡಿದರೆ ಮೂಳೆ, ಕೀಲುಗಳಿಗೂ ತೊಂದರೆ.

ಹಾಗಾಗಿ ಹಲ್ಲಿನ ಮೇಲೆ ಕಲೆ ಇರುವ ಗೆಳೆಯನನ್ನು, ಗೆಳತಿಯನ್ನು ಹಲ್ಲು ಉಜ್ಜುವುದಿಲ್ಲ ಎಂದು ಯಾರೂ ಹಂಗಿಸಬೇಡಿ. ಆ ಮಗು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವಂತೆ ಮಾಡಬೇಡಿ. ತಪ್ಪು ಮಗುವಿನದಲ್ಲ, ನೀರಿನದು. ಇನ್ನೊಂದು ಮಾತು: ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೋ ಶುಚಿಯಾಗಿ ಹಿಡಿದಿಟ್ಟ ಮಳೆನೀರನ್ನೋ ಬಳಸಿ ಎಂದು ಮನೆಯಲ್ಲಿ ಹೇಳಿ. ನಿಮ್ಮೂರಿನ ನೀರಿನ ಪರೀಕ್ಷೆ ಆಗಿದೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ.

ಇನ್ನು ಊಟ. ಅವರೆಕಾಳು, ಹುರುಳಿ, ಕಡಲೆಕಾಯಿ, ಮೊಟ್ಟೆ, ಹಾಲು ನಿಮ್ಮ ಕೋಶಗಳಿಗೆ ಬೇಕಾದ ಹೂವುಗಳನ್ನು ಕೊಡುತ್ತವೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶವಿದೆ. ಮೂಳೆಗೆ ಬೇಕಾದದ್ದು ಅದೇ. ಅಂಗಡಿಯ ಪ್ಯಾಕೆಟ್ ತಿಂಡಿಗಾಗಿ ಮುದ್ದೆಯನ್ನು ಬದಿಗೆ ತಳ್ಳಬೇಡಿ.

ಒಂದು ಪ್ರಯೋಗ ಹೇಳುತ್ತೇನೆ, ಮೇಷ್ಟ್ರ ಎದುರಿಗೇ ಮಾಡಿ. ರೇಷ್ಮೆ ಎಳೆ, ಉದುರಿದ ಕೂದಲು, ಹತ್ತಿ ದಾರ ಮೂರನ್ನೂ ಇಕ್ಕಳದಲ್ಲಿ ಹಿಡಿದು ಸುಟ್ಟು ವಾಸನೆ ನೋಡಿ. ಯಾವ ಎರಡು ಒಂದೇ ಜಾತಿಯವು, ಏಕೆ ಎಂದು ಪುಸ್ತಕ ತೆರೆಯದೆ ಬರೆಯಿರಿ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಜನರಿಗೆ ಪ್ರಶ್ನೆ ಕೇಳುವುದನ್ನು ಜೀವನಪೂರ್ತಿ ಕಲಿಸಿದರು. ಅವರೂ ನಮ್ಮ ನಿಮ್ಮಂತೆ ಹಳ್ಳಿಯ ಮಗುವೇ. ಈ ಶಾಲೆಯ ಮುಂದಿನ 50 ವರ್ಷಗಳಲ್ಲಿ ಇಲ್ಲಿಂದ ಹೊರಡುವ ಮಕ್ಕಳೂ ಸೊಪ್ಪನ್ನು, ನೀರನ್ನು, ತಟ್ಟೆಯ ಊಟವನ್ನು ಪ್ರಶ್ನಿಸಿ ನೋಡುವವರಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.