ಕೋಟೆಯೂರಿನಲ್ಲಿ ಒಂದು ಹಗಲು



ಹತ್ತಿರದಲ್ಲಿರುವುದನ್ನು ನೋಡುವುದಕ್ಕೆ ಮನುಷ್ಯನಿಗೆ ಎಂದೂ ಬಿಡುವು ದೊರೆಯುವುದಿಲ್ಲ. ನಾವು ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ವಾಸವಾಗಿರತಕ್ಕವರು. ಶ್ರೀರಂಗಪಟ್ಟಣ ನಮಗೆ 20 ಕಿಲೋಮೀಟರಿಗೂ ಒಳಗೇ ಇದೆ. ರಂಗನಾಥನ ದರ್ಶನಕ್ಕೆಂದು ಅಲ್ಲಿಗೆ ಹೋಗಿ ಬಂದದ್ದುಂಟು. ಹಿರಿಯರ ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟು, ಒದ್ದೆಬಟ್ಟೆಯಲ್ಲಿ ಮೌನವಾಗಿ ಮರಳಿದ್ದೂ ಉಂಟು. ಮೈಸೂರಿನ ಎಷ್ಟೋ ಮನೆಗಳಿಗೆ ಆ ಊರೆಂದರೆ ಇವೆರಡೇ. ಊರನ್ನು ನೋಡಿದ್ದೇವೆಂದು ನಾವು ಹೇಳುವಂತಿರಲಿಲ್ಲ.

ನಮ್ಮ ಬಡಾವಣೆಗೆ ಯೋಗಾಭ್ಯಾಸಕ್ಕಾಗಿ ಅನೇಕ ದೇಶಗಳವರು ಬಂದು ತಂಗುವರೆಂಬುದು ತಮಗೆ ತಿಳಿದ ವಿಷಯವೇ. ನೆರೆಮನೆಯಲ್ಲಿ ತಂಗಿದ್ದ ಫ್ರಾನ್ಸ್ ದೇಶದ ಮಹಿಳೆಯೊಬ್ಬರು ಒಂದು ಸಂಜೆ ನಮ್ಮನ್ನು ಕೇಳಿದರು: "ಶ್ರೀರಂಗಪಟ್ಟಣದ ಆಚೆ ನಮ್ಮ ದೇಶದ ಹೆಸರಿನ ಊರೊಂದು ಇತ್ತಂತೆ. ನಮ್ಮವರಿಗೆ ಅಲ್ಲೇನು ಕೆಲಸವಿತ್ತು?" ಇಂದಿನ ಪಾಂಡವಪುರವೇ ಅದು, ಹೈದರನ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಇಷ್ಟನ್ನು ಹೇಳಿದೆವು. ಆದರೆ ಹೇಳಿದ್ದು ಸಾಲದೆಂದು ನಮಗೇ ತೋರಿತು. ಮುಂದಿನ ಭಾನುವಾರ ಪುಳಿಯೋಗರೆ ಮೊಸರನ್ನಗಳ ಬುತ್ತಿ ಕಟ್ಟಿಕೊಂಡು ದಂಪತಿಗಳಿಬ್ಬರೂ ರೈಲು ಹತ್ತಿದೆವು.

ನಾಗನಹಳ್ಳಿ ದಾಟಿದ ಮೇಲೆ ಕಾವೇರಿ. ಕಾವೇರಿ ದಾಟಿದೊಡನೆ ಕೋಟೆಯ ಗೋಡೆ. ರೈಲುದಾರಿ ಕೋಟೆಯ ಒಳಗೇ ಹಾದುಹೋಗುತ್ತದೆ. ಈ ದಾರಿಯನ್ನು ಜೋಡಿಮಾರ್ಗವನ್ನಾಗಿ ಮಾಡುವಾಗ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡವಾಯಿತು. ಅದನ್ನು ಕೆಡವದೆ, 2017ರಲ್ಲಿ, ಇಡಿಯ ಕಟ್ಟಡವನ್ನೇ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಹಳೆಯದನ್ನು ಉಳಿಸಬೇಕೆಂಬ ಮನಸ್ಸಿದ್ದರೆ ದಾರಿಯೂ ಉಂಟೆಂಬುದಕ್ಕೆ ಇದು ಸಾಕ್ಷಿ.

ನಿಲ್ದಾಣದಿಂದ ನಡೆದು ಕೋಟೆಯ ವಾಯವ್ಯ ಭಾಗಕ್ಕೆ ಹೋದೆವು. 1799ರ ಮೇ 4ರಂದು ಮಧ್ಯಾಹ್ನ ಇಂಗ್ಲಿಷರ ಸೇನೆ ಗೋಡೆಯೊಡೆದು ನುಗ್ಗಿದ್ದು ಇಲ್ಲಿಯೇ. ಬೇಸಿಗೆಯಾದುದರಿಂದ ಹೊಳೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು ಕಾಣುತ್ತಿತ್ತು. ಅಂದೂ ಹೀಗೆಯೇ ಇದ್ದಿರಬೇಕು. ಮಳೆಗಾಲ ಹಿಡಿದು ಹೊಳೆ ತುಂಬುವುದಕ್ಕೆ ಮೊದಲೇ ಕಾರ್ಯ ಮುಗಿಸಬೇಕೆಂದು ಮುತ್ತಿಗೆಯವರು ಅವಸರಪಟ್ಟುದರ ಕಾರಣ ಪುಸ್ತಕದಲ್ಲಿ ಓದಿದಾಗ ಅಷ್ಟಾಗಿ ತಿಳಿಯದು. ಆ ದಡದಲ್ಲಿ ನಿಂತರೆ ಕೂಡಲೆ ತಿಳಿಯುತ್ತದೆ. ಈ ಊರಿನ ನಿಜವಾದ ಕೋಟೆ ಕಾವೇರಿಯೇ.

ಅಲ್ಲಿ ಮೈಸೂರು ಸರ್ಕಾರದವರು 1907ರಲ್ಲಿ ನಿಲ್ಲಿಸಿದ ಸ್ಮಾರಕಸ್ತಂಭವೊಂದಿದೆ. ಮುತ್ತಿಗೆ ಹಾಕಿದ ಪಕ್ಷದಲ್ಲಿ ಮಡಿದ ಅಧಿಕಾರಿಗಳ ನೆನಪು ಅದರಲ್ಲುಂಟು. ನಮ್ಮ ಮನೆಯವರು ಅದನ್ನು ಓದಿಸಿ ಕೇಳಿ, "ಹೊರಗಿನಿಂದ ಬಂದು ಸತ್ತವರ ಲೆಕ್ಕ ಸರಿ. ಒಳಗಿದ್ದು ಸತ್ತವರದು ಎಲ್ಲಿದೆ ಅಂದ್ರೆ?" ಎಂದರು. ಕಾಲೇಜಿನಲ್ಲಿ ಇಷ್ಟು ವರ್ಷ ಪಾಠ ಹೇಳಿದ ನಮಗೆ ಕೂಡಲೆ ಉತ್ತರ ಹೊಳೆಯಲಿಲ್ಲ.

ಅಲ್ಲಿಂದ ಕೋಟೆಯ ಹೊರಗೆ, ಪೂರ್ವದಿಕ್ಕಿಗೆ, ದರಿಯಾ ದೌಲತ್ ತೋಟಕ್ಕೆ ಹೋದೆವು. 1784ರ ಈ ತೇಗದ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಸೋತ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಟಿಪ್ಪುವಿನ ಪಕ್ಷದ ಫ್ರೆಂಚ್ ಸೇನಾನಿ ಲಾಲಿ ದುರ್ಬೀನು ಹಿಡಿದು ನೋಡುತ್ತಿದ್ದಾನೆ. ನೆರೆಮನೆಯ ಮಹಿಳೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ದೊರೆಯಿತು.

ಉಳಿದರ್ಧವನ್ನು ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಮಾತಾಡಿಕೊಂಡೆವು. ಟಿಪ್ಪು ಕಳುಹಿಸಿದ ಮೂವರು ರಾಯಭಾರಿಗಳನ್ನು 1788ರ ಆಗಸ್ಟಿನಲ್ಲಿ ಫ್ರಾನ್ಸಿನ ದೊರೆ 16ನೆಯ ಲೂಯಿ ವರ್ಸಾಯ್ ಅರಮನೆಯಲ್ಲಿ ವೈಭವದಿಂದ ಬರಮಾಡಿಕೊಂಡನು. ಕೇಳಿದ ಸೈನ್ಯ ದೊರೆಯಲಿಲ್ಲ. ಉಡುಗೊರೆಗಳೂ ಕೆಲವು ಕುಶಲಕರ್ಮಿಗಳೂ ದೊರೆತರು. ಮರುವರ್ಷ ಅಲ್ಲಿಯೇ ಕ್ರಾಂತಿಯಾಯಿತು. ಮುಂದೆ ಟಿಪ್ಪು ಮಾರಿಷಸ್ ದ್ವೀಪದ ಫ್ರೆಂಚರಲ್ಲಿ ಗುಟ್ಟಾಗಿ ನೆರವು ಬೇಡಲು, ಅಲ್ಲಿನ ರಾಜ್ಯಪಾಲ ಮಲಾರ್ತಿಕ್ 1798ರ ಜನವರಿ 30ರಂದು ಅದನ್ನು ಬಹಿರಂಗವಾಗಿ ಸಾರಿಬಿಟ್ಟನು. ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಮಂದಿ. ಆದರೆ ಆ ಪ್ರಕಟಣೆ ವೆಲ್ಲೆಸ್ಲಿಗೆ ಯುದ್ಧಕ್ಕೆ ಒಳ್ಳೆಯ ನೆವವಾಯಿತು. ಬಂದ ನೆರವು ಹಿಡಿಯಷ್ಟು, ತಂದ ಹಗೆ ಬೆಟ್ಟದಷ್ಟು.

"ದೂರದ ಬೆಟ್ಟ ನುಣ್ಣಗೆ" ಎಂದರು ನಮ್ಮ ಮನೆಯವರು, ಮೊಸರನ್ನ ಬಡಿಸುತ್ತ. ಸುಲ್ತಾನನನ್ನು ಕುರಿತ ಮಾತೆಂದುಕೊಂಡೆವು. ಅಷ್ಟಕ್ಕೇ ನಿಲ್ಲಲಿಲ್ಲ. "ನೀವೂ ಹಾಗೇ ಅಲ್ಲವೇ? ವರ್ಸಾಯ್ ಅರಮನೆಯಲ್ಲಿ ಎಷ್ಟು ಕನ್ನಡಿ ಅಂತ ಹುಡುಗರಿಗೆ ಹೇಳುತ್ತೀರಿ. ಈ ಚಿತ್ರವನ್ನು ಇವತ್ತು ನೋಡಿದಿರಿ." ಈ ಮಾತಿಗೆ ಎದುರಾಡಲು ನಮ್ಮಲ್ಲಿ ಏನೂ ಇರಲಿಲ್ಲ.

ಹೈದರ್ ಟಿಪ್ಪುಗಳ ಸಮಾಧಿಯಾದ ಗುಂಬಜನ್ನು ನೋಡಿ ಗಂಜಾಮಿನ ಬೀದಿಗಳಲ್ಲಿ ಹಿಂದಿರುಗಿದೆವು. 1800ರಲ್ಲಿ ಇಲ್ಲಿಗೆ ಬಂದ ಬುಕಾನನ್ ಎಂಬಾತನ ಅಂದಾಜಿನಂತೆ, ಟಿಪ್ಪುವಿನ ಕಾಲದಲ್ಲಿ ಈ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರು. ಆತನು ಬಂದಾಗ ಸುಮಾರು 32,000. ರಾಜಧಾನಿ ಮೈಸೂರಿಗೆ ಹೋಯಿತು. ಜ್ವರದ ಹಾವಳಿಯಿಂದ ಇಂಗ್ಲಿಷರ ದಂಡೂ 1809ರಲ್ಲಿ ಬೆಂಗಳೂರಿಗೆ ಹೋಯಿತು. ಇಲ್ಲಿನ ಅರಮನೆಯೊಂದರ ತೊಲೆಗಳು ಘಟ್ಟ ಹತ್ತಿ ಉದಕಮಂಡಲದ ಇಗರ್ಜಿಯ ಮಾಡಿಗೆ ಹೋದುವು. ನಾವು ವಾಸಿಸುವ ಮೈಸೂರು ಬೆಳೆದುದು ಈ ಊರು ಬರಿದಾದುದರಿಂದಲೆಂಬುದನ್ನು ಮೈಸೂರಿನವರಾದ ನಾವು ನೆನೆಯುವುದು ಅಪರೂಪ.

ಸಂಜೆ ಪಶ್ಚಿಮವಾಹಿನಿಗೆ ಬಂದೆವು. ಈ ಸಲ ಕೈಯಲ್ಲಿ ಅಸ್ಥಿಯ ಗಡಿಗೆಯಿರಲಿಲ್ಲ. ತರ್ಪಣದ ಕೊನೆಯಲ್ಲಿ, ನೀರು ಕೊಡುವ ಬಂಧುಗಳಿಲ್ಲದವರಿಗೂ ನೀರು ಬಿಡುವ ಪದ್ಧತಿ ನಮ್ಮಲ್ಲುಂಟಷ್ಟೆ. ನಮ್ಮ ಮನೆಯವರು ಮೆಟ್ಟಿಲಿಳಿದು ಒಂದು ಬೊಗಸೆ ನೀರೆತ್ತಿ ಮೆಲ್ಲನೆ ಬಿಟ್ಟರು. ಯಾರಿಗೆಂದು ನಾವು ಕೇಳಲಿಲ್ಲ. ಬೆಳಿಗ್ಗೆ ಕೋಟೆಯ ಬಳಿ ಕೇಳಿದ ಪ್ರಶ್ನೆಯನ್ನು ಅವರು ಮರೆತಿರಲಿಲ್ಲ. ನಾವೂ ಒಂದು ಬೊಗಸೆ ಬಿಟ್ಟೆವು.

ಮರುದಿನ ನೆರೆಮನೆಯ ಮಹಿಳೆಗೆ ಎಲ್ಲವನ್ನೂ ವಿವರಿಸಿದೆವು. ಆಕೆ ಗಮನವಿಟ್ಟು ಕೇಳಿ, ತಮ್ಮ ಊರಿನಲ್ಲಿಯೂ ಹಳೆಯ ಕೋಟೆಯೊಂದಿದೆಯೆಂದೂ, ತಾವು ಇದುವರೆಗೆ ಅದರೊಳಗೆ ಕಾಲಿಟ್ಟಿಲ್ಲವೆಂದೂ ಹೇಳಿ ನಕ್ಕರು.