ಒಂದು ದಿರ್ಹಮ್ ಅನ್ನಕ್ಕೆ, ಒಂದು ದಿರ್ಹಮ್ ಕೊಡಲಿಗೆ

(ಜುಮುಅ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಅನುಚರರ ಮೇಲೆ ಅಲ್ಲಾಹನ ಶಾಂತಿ ಹಾಗೂ ಅನುಗ್ರಹವಿರಲಿ.

ಪ್ರೀತಿಯ ಸಹೋದರರೇ,

ಕೆಲವು ವರ್ಷಗಳಿಂದ ನಮ್ಮ ರಾಜ್ಯದಲ್ಲಿ ಒಂದು ಚರ್ಚೆ ನಿಂತೇ ಇಲ್ಲ. ಚಹಾದಂಗಡಿಯ ಬೆಂಚಿನಿಂದ ವಿಧಾನಸಭೆಯವರೆಗೆ ಅದೇ ಮಾತು. ಸರಕಾರ ಬಡವರಿಗೆ ಅಕ್ಕಿ ಕೊಡುವುದು, ಹೆಣ್ಣುಮಕ್ಕಳನ್ನು ಟಿಕೆಟಿನ ಹಣವಿಲ್ಲದೆ ಬಸ್ಸಿನಲ್ಲಿ ಕರೆದೊಯ್ಯುವುದು, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುವುದು ಸರಿಯೋ ತಪ್ಪೋ? ಕೆಲವರು ಇದನ್ನು ಬಿಟ್ಟಿ ಭಾಗ್ಯ ಎನ್ನುತ್ತಾರೆ. ಕೆಲವರು ಬದುಕಿನ ಆಸರೆ ಎನ್ನುತ್ತಾರೆ. ಮಿಂಬರ್ ಮೇಲೆ ನಿಂತು ಯಾವ ಪಕ್ಷದ ಪರವಾಗಿಯೂ ನಾವು ಮಾತಾಡುವುದಿಲ್ಲ. ಆದರೆ ಹಸಿದವನ ಪಾಲು, ಸಾರ್ವಜನಿಕರ ಹಣ ಇವು ದೀನ್‌ನ ಹೊರಗಿನ ವಿಷಯಗಳಲ್ಲ. ನಾಳೆ ಅಲ್ಲಾಹನ ಮುಂದೆ ಇದರ ಲೆಕ್ಕ ಕೊಡಬೇಕಾದವರಲ್ಲಿ ನಾವೂ ಇದ್ದೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಕೆಲವು ತಿಂಗಳ ಹಿಂದೆ ನಮ್ಮ ಮಹಲ್ಲಾದ ಸಹೋದರಿಯೊಬ್ಬರು ಮಸೀದಿಯ ಆಫೀಸಿನ ಬಾಗಿಲಿಗೆ ಬಂದರು. ಗಂಡ ತೀರಿಕೊಂಡಿದ್ದಾರೆ. ಇಬ್ಬರು ಮಕ್ಕಳು. ಬೀಡಿ ಕಟ್ಟಿ ಬದುಕುತ್ತಾರೆ. ಗಂಡನ ಮನೆ ಬಿಟ್ಟು ಬಾಡಿಗೆ ಕೋಣೆಯಲ್ಲಿದ್ದಾರೆ. ನಾವು ಝಕಾತ್ ನಿಧಿಯಿಂದ 1,000 ರೂಪಾಯಿ ಕೊಟ್ಟು, ದುಆ ಮಾಡಿ ಕಳುಹಿಸಿದೆವು. ಒಂದು ಒಳ್ಳೆಯ ಕೆಲಸ ಮುಗಿಯಿತೆಂದು ಸಮಾಧಾನಪಟ್ಟೆವು. ಮುಂದಿನ ತಿಂಗಳು ಅವರು ಮತ್ತೆ ಬಂದಾಗ ಕುಳ್ಳಿರಿಸಿ ವಿಚಾರಿಸಿದೆವು. ಆಗ ತಿಳಿಯಿತು: ಅವರ ಮತ್ತು ಮಕ್ಕಳ ಹೆಸರು ಇನ್ನೂ ಗಂಡನ ಮನೆಯ ರೇಷನ್ ಕಾರ್ಡಿನಲ್ಲೇ ಇದೆ. ಮೂವರ ಅಕ್ಕಿಯೂ ಆ ಮನೆಗೇ ಹೋಗುತ್ತಿದೆ. ಕಾರ್ಡಿನಲ್ಲಿ ಯಜಮಾನಿ ಅತ್ತೆ, ಆದ್ದರಿಂದ ಗೃಹಲಕ್ಷ್ಮಿಯ ಹಣವೂ ಅಲ್ಲಿಗೇ. ವಿಧವಾ ವೇತನಕ್ಕೆ ಅರ್ಜಿ ಹಾಕಬಹುದೆಂಬುದೇ ಅವರಿಗೆ ಗೊತ್ತಿರಲಿಲ್ಲ. ವಿಳಾಸ ಬದಲಿಸೋಣವೆಂದರೆ ಬಾಡಿಗೆ ಕರಾರುಪತ್ರ ಇಲ್ಲ. ಕೇಳಿದರೆ ಮನೆಯ ಮಾಲೀಕರು ಕೊಡಲು ಒಪ್ಪುವುದಿಲ್ಲ. ಆ ಮಾಲೀಕರು ಈ ಮಸೀದಿಯಲ್ಲೇ ನಮಾಝ್ ಮಾಡುವವರು.

ಸಹೋದರರೇ, ಆಕೆಗೆ ಬೇಕಾಗಿದ್ದದ್ದು ನಮ್ಮ 1,000 ರೂಪಾಯಿಗಿಂತ ಹೆಚ್ಚಾಗಿ ಒಂದು ಕಾಗದ, ಒಂದು ಸಹಿ, ಜೊತೆಗೆ ಬರುವ ಒಬ್ಬ ಸಹೋದರ. ಅದನ್ನು ಕೇಳುವ ತಾಳ್ಮೆ ಮೊದಲ ದಿನ ನಮಗಿರಲಿಲ್ಲ. ಅಲ್ಲಾಹನು ನಮ್ಮನ್ನು ಕ್ಷಮಿಸಲಿ.

ಈಗ ಚರ್ಚೆಗೆ ಬರೋಣ. ಎರಡೂ ಕಡೆಯವರ ಮಾತನ್ನು ನ್ಯಾಯವಾಗಿ ಕೇಳಬೇಕು.

ಯೋಜನೆಗಳನ್ನು ಪ್ರಶ್ನಿಸುವವರು ಹೇಳುತ್ತಾರೆ: 2025-26ರ ರಾಜ್ಯ ಬಜೆಟ್ ಸುಮಾರು 4.09 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 51,000 ಕೋಟಿ, ಅಂದರೆ ಎಂಟರಲ್ಲಿ ಒಂದು ಪಾಲು. ಈ ಹಣದಲ್ಲಿ ಶಾಲೆ, ರಸ್ತೆ, ನೀರಾವರಿ ಆಗಬಹುದಿತ್ತು. ಕೈಗೆ ಕೆಲಸ ಕೊಟ್ಟರೆ ಕೈಚಾಚುವ ಅಗತ್ಯವಿರುವುದಿಲ್ಲ. ಈ ಮಾತಿನಲ್ಲಿ ಸತ್ಯವಿದೆ.

ಸಮರ್ಥಿಸುವವರು ಹೇಳುತ್ತಾರೆ: ಬಡವನೂ ತೆರಿಗೆ ಕಟ್ಟುತ್ತಾನೆ. ಬಿಸ್ಕತ್ತಿನ ಪೊಟ್ಟಣದ ಮೇಲೆ, ಮೊಬೈಲ್ ರೀಚಾರ್ಜಿನ ಮೇಲೆ ಜಿಎಸ್‌ಟಿ ಕೊಡದವರು ಯಾರು? 2019ರಲ್ಲಿ ಕೇಂದ್ರ ಸರಕಾರವು ಕಂಪೆನಿಗಳ ಮೂಲ ತೆರಿಗೆಯನ್ನು ಶೇಕಡ 30ರಿಂದ 22ಕ್ಕೆ ಇಳಿಸಿದಾಗ, ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಕಡಿಮೆಯಾಗುತ್ತದೆಂದು ಸರಕಾರವೇ ಅಂದಾಜು ಮಾಡಿತ್ತು. ಅದಕ್ಕೆ ಪ್ರೋತ್ಸಾಹ ಎಂಬ ಗೌರವದ ಹೆಸರು. ಬಡವಿಯ 2,000ಕ್ಕೆ ಮಾತ್ರ ಬಿಟ್ಟಿ ಎಂಬ ಹೆಸರು ಯಾಕೆ? ಈ ಮಾತಿನಲ್ಲೂ ಸತ್ಯವಿದೆ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಮಾಡಿದ ಪ್ರಯಾಣಗಳ ಸಂಖ್ಯೆ 2025ರ ಜುಲೈನಲ್ಲಿ 500 ಕೋಟಿ ದಾಟಿತು. ಅದರೊಳಗೆ ಕಾಲೇಜಿಗೆ ಹೋದ ನಮ್ಮ ಮಕ್ಕಳೂ ಇದ್ದಾರೆ, ತಾಯಿಯನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದ ಮಗಳೂ ಇದ್ದಾಳೆ.

ಹಾಗಾದರೆ ನಮ್ಮ ದೀನ್ ಏನು ಹೇಳುತ್ತದೆ?

ಮೊದಲನೆಯದಾಗಿ, ಶ್ರೀಮಂತರ ಸಂಪತ್ತಿನಲ್ಲಿ ಕೇಳುವವರಿಗೂ ವಂಚಿತರಿಗೂ ನಿಶ್ಚಿತವಾದ ಹಕ್ಕಿದೆ ಎಂದು ಪವಿತ್ರ ಕುರ್‌ಆನ್‌ನ ಸೂರ ಅಲ್ ಮಆರಿಜ್ (24-25) ತಿಳಿಸುತ್ತದೆ. ಅಲ್ಲಿ ಬಳಸಿರುವ ಪದ ಹಕ್. ಸಂಪತ್ತು ಶ್ರೀಮಂತರ ನಡುವೆಯೇ ಸುತ್ತುತ್ತಿರಬಾರದು ಎಂಬ ತತ್ವವನ್ನು ಸೂರ ಅಲ್ ಹಶ್ರ್ (7) ಕಲಿಸುತ್ತದೆ. ಕೊಟ್ಟದ್ದನ್ನು ಎತ್ತಿ ಆಡಿ, ಪಡೆದವನ ಮನಸ್ಸು ನೋಯಿಸಿದರೆ ದಾನವೇ ನಿಷ್ಫಲವಾಗುತ್ತದೆಂದು ಸೂರ ಅಲ್ ಬಕರ (264) ಎಚ್ಚರಿಸುತ್ತದೆ. ಆದ್ದರಿಂದ ಬಸ್ಸಿನಲ್ಲಿ ಸೀಟು ಸಿಗದ ಸಿಟ್ಟಿಗೆ "ಬಿಟ್ಟಿ ಟಿಕೆಟಿನವರು" ಎಂದು ತಾಯಂದಿರನ್ನು ಹೀಯಾಳಿಸುವ ನಾಲಗೆ ಸತ್ಯವಿಶ್ವಾಸಿಯದ್ದಾಗಬಾರದು.

ಎರಡನೆಯದಾಗಿ, ಕಾನೂನು ಮಾಡಿದರೆ ಮುಗಿಯಲಿಲ್ಲ. ಅದು ಕಟ್ಟಕಡೆಯ ಮನೆಯಲ್ಲಿ ಏನು ಮಾಡುತ್ತಿದೆ ಎಂದು ನೋಡಬೇಕು. ಖಲೀಫ ಹಝ್ರತ್ ಉಮರ್(ರ)ರ ಕಾಲದಲ್ಲಿ ಬೈತುಲ್ ಮಾಲ್‌ನಿಂದ ಜನರಿಗೆ ವೇತನ ಸಿಗುತ್ತಿತ್ತು. ಮಕ್ಕಳಿಗೂ ಸಿಗುತ್ತಿತ್ತು, ಆದರೆ ಮೊಲೆಹಾಲು ಬಿಟ್ಟ ನಂತರ. ಒಂದು ರಾತ್ರಿ ಮದೀನಾಕ್ಕೆ ವ್ಯಾಪಾರಿಗಳ ತಂಡವೊಂದು ಬಂದು ತಂಗಿತು. ಉಮರ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರ ಕಾವಲಿಗೆ ನಿಂತರು. ಮಗುವೊಂದು ಅಳುತ್ತಲೇ ಇತ್ತು. ಉಮರ್(ರ) ಮತ್ತೆ ಮತ್ತೆ ಹೋಗಿ, ಮಗುವನ್ನು ಸಮಾಧಾನಪಡಿಸುವಂತೆ ತಾಯಿಗೆ ಹೇಳಿದರು. ಕೊನೆಗೆ ಆ ತಾಯಿ, ಎದುರಿಗಿರುವವರು ಯಾರೆಂದು ತಿಳಿಯದೆ ಕಾರಣ ಹೇಳಿದಳು: ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ವೇತನ ಕೊಡುತ್ತಾರೆ, ಅದಕ್ಕೇ ಅವಧಿಗೆ ಮೊದಲೇ ಹಾಲು ಬಿಡಿಸುತ್ತಿದ್ದೇನೆ. ಆ ದಿನದ ಫಜ್ರ್ ನಮಾಝ್‌ನಲ್ಲಿ ಖಲೀಫರ ಅಳುವಿನಿಂದಾಗಿ ಅವರ ಕಿರಾಅತ್ ಜನರಿಗೆ ಸರಿಯಾಗಿ ಕೇಳಿಸಲಿಲ್ಲ. ನಮಾಝ್ ಮುಗಿದ ಮೇಲೆ ಅವರು ನಿಯಮವನ್ನು ಬದಲಿಸಿದರು. ಹುಟ್ಟಿದ ದಿನದಿಂದಲೇ ಪ್ರತಿ ಮಗುವಿಗೂ ವೇತನವೆಂದು ಎಲ್ಲ ಪ್ರದೇಶಗಳಿಗೂ ಬರೆದು ಕಳುಹಿಸಿದರು.

ನಿಯಮ ಕೆಟ್ಟ ಉದ್ದೇಶದ್ದಾಗಿರಲಿಲ್ಲ. ಆದರೆ ಅದರ ಅಂಚಿನಲ್ಲಿ ಒಂದು ಮಗು ಅಳುತ್ತಿತ್ತು. ಇಂದು ಕಾರ್ಡಿಗೊಬ್ಬರೇ ಯಜಮಾನಿ ಎಂಬ ನಿಯಮದ ಅಂಚಿನಲ್ಲಿ ನಮ್ಮ ಆ ವಿಧವೆ ಸಹೋದರಿ ನಿಂತಿದ್ದಾರೆ. ಇಂಥವರ ಮಾತನ್ನು ಪಂಚಾಯತಿಗೆ, ಶಾಸಕರಿಗೆ, ಅಧಿಕಾರಿಗಳಿಗೆ ಮುಟ್ಟಿಸುವುದು ನಮ್ಮ ಕೆಲಸ. ಹಾಗೆ ಮುಟ್ಟಿಸುವಾಗ ನಮ್ಮವರು, ಬೇರೆಯವರು ಎಂಬ ಭೇದ ಬೇಡ. ಬಾಗಿಲಲ್ಲಿ ಬೇಡುತ್ತಿದ್ದ ವೃದ್ಧ ಯಹೂದಿಯೊಬ್ಬನಿಗೆ ಬೈತುಲ್ ಮಾಲ್‌ನಿಂದ ನೆರವು ಗೊತ್ತುಮಾಡಿದವರೂ ಇದೇ ಉಮರ್(ರ).

ಮೂರನೆಯದು ನಮಗೆ ಕಹಿಯಾದ ಮಾತು. ಹಕ್ಕು ಇರುವಲ್ಲಿ ಅಮಾನತ್ ಕೂಡ ಇದೆ. ವಾರ್ಷಿಕ ಆದಾಯ 1.20 ಲಕ್ಷ ಮೀರಿದವರು, ಆದಾಯ ತೆರಿಗೆ ಕಟ್ಟುವವರು, ಸರಕಾರಿ ನೌಕರಿಯವರು, ಸ್ವಂತ ಬಳಕೆಗೆ ಕಾರು ಇರುವವರು ಬಿಪಿಎಲ್ ಕಾರ್ಡ್ ಇಟ್ಟುಕೊಳ್ಳುವಂತಿಲ್ಲ. ನಮ್ಮ ಮಹಲ್ಲಾದಲ್ಲಿ ಎರಡು ಅಂಗಡಿ, ಒಂದು ಕಾರು, ಮೇಲೊಂದು ಬಿಪಿಎಲ್ ಕಾರ್ಡ್ ಇರುವ ಮನೆಗಳು ಇಲ್ಲವೇ? ಗಲ್ಫ್‌ನಿಂದ ಮಗ ಕಳುಹಿಸಿದ ಹಣದಲ್ಲಿ ಮಾಳಿಗೆ ಎದ್ದಿದೆ. ಕೆಲಸದವನು ಚೀಲ ಹಿಡಿದು ಯಜಮಾನರ ರೇಷನ್ ತರಲು ಹೋಗುತ್ತಾನೆ. ಆ ಕೆಲಸದವನಿಗೆ ಕಾರ್ಡ್ ಇಲ್ಲ.

ಖೈಬರ್‌ನಿಂದ ಹಿಂದಿರುಗುವಾಗ ಪ್ರವಾದಿ(ಸ)ರ ಸೇವಕನೊಬ್ಬ ಬಾಣ ತಗುಲಿ ಮೃತಪಟ್ಟ. ಜನರು ಅವನಿಗೆ ಸ್ವರ್ಗದ ಶುಭಾಶಯ ಹೇಳತೊಡಗಿದರು. ಪ್ರವಾದಿ(ಸ) ಅದನ್ನು ತಡೆದರು. ಹಂಚಿಕೆಯಾಗುವ ಮೊದಲೇ ಯುದ್ಧ ಸೊತ್ತಿನಿಂದ ಅವನು ತೆಗೆದುಕೊಂಡಿದ್ದ ಒಂದು ಹೊದಿಕೆ ಅವನ ಮೇಲೆ ಬೆಂಕಿಯಾಗಿ ಉರಿಯುತ್ತಿದೆ ಎಂದರು. ಇದನ್ನು ಕೇಳಿದ ಒಬ್ಬನು ಚಪ್ಪಲಿಯ ಒಂದೋ ಎರಡೋ ವಾರುಗಳನ್ನು ತಂದು ಒಪ್ಪಿಸಿದ. ಅವೂ ಬೆಂಕಿಯವೇ ಎಂದು ಪ್ರವಾದಿ(ಸ) ಹೇಳಿದರು. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಈ ಹದೀಸ್ ಇದೆ. ಎಲ್ಲರ ಸೊತ್ತಿನಿಂದ ಬಂದ ಚಪ್ಪಲಿಯ ವಾರೇ ಹೀಗಾದರೆ, ತಿಂಗಳು ತಿಂಗಳು ಮನೆಗೆ ಬರುವ ಅಕ್ಕಿಯ ಗತಿ ಏನು?

ಕೆಲವರು ನಮ್ಮ ಬಳಿ ಮನಸ್ಸು ಬಿಚ್ಚಿ ಹೇಳಿದ್ದಾರೆ: "ಉಸ್ತಾದರೇ, ಕಾರ್ಡ್ ಇಟ್ಟುಕೊಂಡಿರುವುದು ಅಕ್ಕಿಗಲ್ಲ, ಆಸ್ಪತ್ರೆಗೆ." ಆ ಭಯ ಸುಳ್ಳಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯಿದೆ. ಎಪಿಎಲ್‌ನವರಿಗೆ ನಿಗದಿತ ದರದ ಶೇಕಡ 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ತಿಂಗಳಿಗೆ 15,000 ದುಡಿಯುವವನನ್ನು ಒಂದು ಆಪರೇಷನ್ ಬೀದಿಗೆ ತರಬಲ್ಲದು. ತಿಂಗಳಿಗೆ 10,000 ಎಂಬ ಆದಾಯದ ಮಿತಿ ಇಂದಿನ ಬೆಲೆಗಳಿಗೆ ಹೊಂದುತ್ತದೆಯೇ ಎಂದು ಕೇಳುವುದು ನ್ಯಾಯ. ಮಿತಿಯನ್ನು ಏರಿಸಿ, ಚಿಕಿತ್ಸೆಯ ನೆರವನ್ನು ವಿಸ್ತರಿಸಿ ಎಂದು ಬಹಿರಂಗವಾಗಿ ಒತ್ತಾಯಿಸೋಣ. ಅದು ನೇರವಾದ ದಾರಿ. ಸುಳ್ಳು ಆದಾಯ ಪತ್ರ ನೇರವಾದ ದಾರಿಯಲ್ಲ. ಇನ್ನೊಂದು ವಿಷಯ ತಿಳಿದಿರಲಿ: ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವ ಮನೆಯಲ್ಲದಿದ್ದರೆ ಎಪಿಎಲ್ ಕಾರ್ಡಿನ ಯಜಮಾನಿಗೂ ಗೃಹಲಕ್ಷ್ಮಿಗೆ ಅರ್ಹತೆಯಿದೆ. ಆ ಹೆದರಿಕೆಗೆ ಬಿಪಿಎಲ್ ಕಾರ್ಡ್ ಹಿಡಿದುಕೊಳ್ಳಬೇಕಾಗಿಲ್ಲ.

ನಾಲ್ಕನೆಯದಾಗಿ, ಅನ್ನ ಕೊಡಬೇಕೋ ಕೆಲಸ ಕೊಡಬೇಕೋ ಎಂಬ ಪ್ರಶ್ನೆ. ಇದಕ್ಕೆ ಪ್ರವಾದಿ(ಸ)ರ ಬದುಕಿನಲ್ಲಿ ಸುಂದರವಾದ ಮಾದರಿಯಿದೆ. ಒಬ್ಬ ಅನ್ಸಾರಿ ಬಂದು ಬೇಡಿದರು. ಮನೆಯಲ್ಲಿ ಏನಿದೆ ಎಂದು ಪ್ರವಾದಿ(ಸ) ಕೇಳಿದರು. ಹೊದೆಯಲೂ ಹಾಸಲೂ ಇರುವ ಒಂದು ಬಟ್ಟೆ, ನೀರು ಕುಡಿಯುವ ಒಂದು ಪಾತ್ರೆ. ಎರಡನ್ನೂ ತರಿಸಿ, ತಾವೇ ಹರಾಜು ಕೂಗಿದರು. ಒಬ್ಬರು ಒಂದು ದಿರ್ಹಮ್ ಎಂದರು. ಹೆಚ್ಚು ಕೊಡುವವರಿಲ್ಲವೇ ಎಂದು ಮತ್ತೆ ಕೇಳಿ ಎರಡು ದಿರ್ಹಮ್‌ಗೆ ಮಾರಿದರು. ಒಂದರಲ್ಲಿ ಮನೆಯವರಿಗೆ ಆಹಾರ ಕೊಂಡುಕೊಡಲು, ಇನ್ನೊಂದರಲ್ಲಿ ಕೊಡಲಿ ತರಲು ಹೇಳಿದರು. ಕೊಡಲಿಗೆ ತಮ್ಮ ಕೈಯಾರೆ ಕಾವು ಹಾಕಿ, ಸೌದೆ ಕಡಿದು ಮಾರು, 15 ದಿನ ಇತ್ತ ಕಾಣಿಸಬೇಡ ಎಂದು ಕಳುಹಿಸಿದರು. ಆತ ಹಿಂದಿರುಗುವಾಗ ಕೈಯಲ್ಲಿ 10 ದಿರ್ಹಮ್ ಇತ್ತು. ಅಬೂದಾವೂದ್‌ನಲ್ಲಿ ವರದಿಯಾಗಿರುವ ಈ ಘಟನೆಯನ್ನು, ಬೇಡುವವರನ್ನು ಗದರಿಸಲು ನಾವು ಎಷ್ಟೋ ಸಲ ಹೇಳಿದ್ದೇವೆ. ಕೊಡಲಿಯ ಮಾತು ಹೇಳುತ್ತೇವೆ, ಮೊದಲ ದಿರ್ಹಮ್ಮನ್ನು ಮರೆಯುತ್ತೇವೆ. ಪ್ರವಾದಿ(ಸ) ಮೊದಲು ಮನೆಯ ಒಲೆ ಉರಿಸಿದರು, ಆ ಮೇಲೆ ಕಾಡಿಗೆ ಕಳುಹಿಸಿದರು.

ಸಹೋದರರೇ, ಈ ದೇಶದ ಚರ್ಚೆಯಲ್ಲಿ ಒಬ್ಬರು ಮೊದಲ ದಿರ್ಹಮ್ ಹಿಡಿದು ಕೂತಿದ್ದಾರೆ, ಇನ್ನೊಬ್ಬರು ಎರಡನೆಯದನ್ನು. ಬಡವನಿಗೆ ಎರಡೂ ಬೇಕು. ಹಸಿದ ಹೊಟ್ಟೆಯ ಮಗು ಶಾಲೆಯಲ್ಲಿ ಪಾಠ ಕಲಿಯುವುದಿಲ್ಲ. ಹೊಟ್ಟೆ ತುಂಬಿಯೂ ಶಾಲೆಯಿಲ್ಲದ ಮಗು ನಾಳೆ ಮತ್ತೆ ಅದೇ ಸಾಲಿನಲ್ಲಿ ನಿಲ್ಲುತ್ತದೆ. ಯುವನಿಧಿಯಲ್ಲಿ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಸಿಗುವುದು ಹೆಚ್ಚೆಂದರೆ ಎರಡು ವರ್ಷ. ಆ ಎರಡು ವರ್ಷ ಮೊಬೈಲ್ ಮುಂದೆ ಕಳೆದ ಹುಡುಗನ ಕೈಯಲ್ಲಿ ಕೊಡಲಿ ಎಲ್ಲಿಂದ ಬರಬೇಕು? ಯಜಮಾನಿಯ 2,000ದಲ್ಲಿ 500 ಮಗಳ ಕಾಲೇಜು ಫೀಸಿಗೆ ಉಳಿದರೆ, ಅದು ಕೊಡಲಿಗಿಟ್ಟ ಹಣ.

ಹಾಗಾಗಿ ಈ ಜುಮುಅದಿಂದ ನಾಲ್ಕು ಕೆಲಸಗಳನ್ನು ಮಾಡೋಣ.

ಒಂದು: ಪ್ರತಿ ಭಾನುವಾರ ಅಸರ್ ನಮಾಝ್ ನಂತರ ಮಸೀದಿಯ ಆಫೀಸಿನಲ್ಲಿ, ಕಂಪ್ಯೂಟರ್ ತಿಳಿದ ಇಬ್ಬರು ಯುವಕರು ಕೂರುತ್ತಾರೆ. ರೇಷನ್ ಕಾರ್ಡ್, ವಿಧವಾ ವೇತನ, ವಿದ್ಯಾರ್ಥಿವೇತನ ಯಾವುದೇ ಇರಲಿ, ಅರ್ಜಿ ತುಂಬಿಸಿಕೊಡುತ್ತಾರೆ. ಯಾವ ಧರ್ಮದ ನೆರೆಯವರೂ ಬರಬಹುದು. ಸಹೋದರಿಯರು ಮುಜುಗರವಿಲ್ಲದೆ ಬರುವಂತೆ ಮದರಸದ ಶಿಕ್ಷಕಿಯೊಬ್ಬರೂ ಜೊತೆಗಿರುತ್ತಾರೆ.

ಎರಡು: ಅರ್ಹತೆಯಿಲ್ಲದ ಬಿಪಿಎಲ್ ಕಾರ್ಡ್ ಇರುವವರು ಆಹಾರ ಇಲಾಖೆಗೆ ಅದನ್ನು ಒಪ್ಪಿಸಲಿ. ನಾವು ಹೆಸರು ಕೇಳುವುದಿಲ್ಲ, ಪಟ್ಟಿ ಮಾಡುವುದಿಲ್ಲ. ಅಲ್ಲಾಹನಿಗೆ ಹೆಸರು ಗೊತ್ತಿದೆ.

ಮೂರು: ಬಾಡಿಗೆಗೆ ಮನೆ ಕೊಟ್ಟವರು ಕರಾರುಪತ್ರ ಮಾಡಿಕೊಡಲಿ. ನಿಮ್ಮ ಒಂದು ಸಹಿಯಿಂದ ಒಂದು ಮನೆಯ ಅನ್ನದ ದಾರಿ ತೆರೆಯುತ್ತದೆ.

ನಾಲ್ಕು: ನಮ್ಮ ಝಕಾತ್ ನಿಧಿಯನ್ನು ನೂರು ಮನೆಗಳಿಗೆ ಚಿಲ್ಲರೆಯಾಗಿ ಹಂಚಿ ಮುಗಿಸುವ ಬದಲು, ಪ್ರತಿ ವರ್ಷ ಕೆಲವು ಮನೆಗಳಿಗಾದರೂ ಕೊಡಲಿ ಕೊಡೋಣ. ಹೊಲಿಗೆ ಯಂತ್ರ, ತಳ್ಳುಗಾಡಿ, ಐಟಿಐ ಫೀಸು, ಏನಾದರೂ ಸರಿ. ವಾರದ ಸಂಘದ ಸಾಲಕ್ಕೆ ಸಿಲುಕಿದವರಿಗೆ ಬಡ್ಡಿಯಿಲ್ಲದ ಕರ್ಝೆ ಹಸನ ಕೊಡುವ ಬಗ್ಗೆ ಜಮಾಅತ್ ಕಮಿಟಿ ಮುಂದಿನ ಸಭೆಯಲ್ಲಿ ತೀರ್ಮಾನಿಸಲಿ.

ನಾವು ಮೊದಲು ಹೇಳಿದ ಸಹೋದರಿಯ ಅರ್ಜಿ ಇನ್ನೂ ಕಚೇರಿಯಲ್ಲಿದೆ. ಮನೆಯ ಮಾಲೀಕರು ಕಳೆದ ವಾರ ಕರಾರುಪತ್ರಕ್ಕೆ ಸಹಿ ಹಾಕಿದ್ದಾರೆ, ಅಲ್ಹಮ್ದುಲಿಲ್ಲಾಹ್. ಅತ್ತೆಯ ಮನೆಯವರು ಮೂವರ ಅಕ್ಕಿಯನ್ನು ಅವರಿಗೇ ತಲುಪಿಸಲು ಒಪ್ಪಿದ್ದಾರೆ. ಕಾರ್ಡ್ ಕೈಸೇರುವವರೆಗೆ ಆ ಮನೆಯ ಮೊದಲ ದಿರ್ಹಮ್ ನಮ್ಮ ಹೊಣೆ. ಎರಡನೆಯದೂ ನಮ್ಮದೇ.

ಅಲ್ಲಾಹನೇ, ಹಲಾಲಾದುದರಲ್ಲಿ ನಮಗೆ ತೃಪ್ತಿ ಕೊಡು. ಇನ್ನೊಬ್ಬರ ಪಾಲಿನ ಒಂದು ಅಗುಳೂ ನಮ್ಮ ಮಕ್ಕಳ ಹೊಟ್ಟೆ ಸೇರದಂತೆ ಕಾಪಾಡು. ನಮ್ಮನ್ನು ಆಳುವವರಿಗೆ ಅಳುವ ಮಗುವಿನ ಸ್ವರ ಕೇಳುವ ಕಿವಿ ಕೊಡು. ನಮ್ಮ ನಾಡಿನ ಎಲ್ಲ ಮನೆಗಳಿಗೂ ಅನ್ನ, ಕೆಲಸ ಮತ್ತು ನೆಮ್ಮದಿಯನ್ನು ದಯಪಾಲಿಸು. ಆಮೀನ್.