ಸಂಸ್ಥೆಯ ಏಳಿಗೆಯೂ ದುಡಿಯುವವರ ಯೋಗಕ್ಷೇಮವೂ

 

ಸಂಸ್ಥೆಯೊಂದು ಏಳಿಗೆ ಹೊಂದಲು ಹಣ, ಕಟ್ಟಡ, ಯಂತ್ರಗಳು ಬೇಕೆಂಬುದನ್ನು ಎಲ್ಲರೂ ಬಲ್ಲರು. ಅವುಗಳನ್ನು ನಡೆಯಿಸುವ ಮನುಷ್ಯರನ್ನು ಆರಿಸುವದು, ಪಳಗಿಸುವದು, ಉಳಿಸಿಕೊಳ್ಳುವದು ಅಷ್ಟೇ ಮುಖ್ಯವೆಂಬುದನ್ನು ಮಾತ್ರ ಬಹುಜನರು ಮರೆಯುತ್ತಾರೆ. ಈ ಮರೆವಿಗೆ ತೆರಬೇಕಾಗುವ ಬೆಲೆಯನ್ನು ಅಮೇರಿಕೆಯ ಒಂದು ನಿದರ್ಶನದಿಂದ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವೆನು.

ಡೆಟ್ರಾಯಿಟ್ ನಗರಕ್ಕೆ ಹೊಂದಿದ ಹೈಲ್ಯಾಂಡ್ ಪಾರ್ಕಿನಲ್ಲಿ ಹೆನ್ರಿ ಫೋರ್ಡರ ಮೋಟಾರು ಕಾರಖಾನೆಯಿದ್ದಿತು. 1913ರಲ್ಲಿ ಅಲ್ಲಿ ಹೊಸ ಪದ್ಧತಿಯೊಂದು ಬಂದಿತು. ಗಾಡಿಯ ಚೌಕಟ್ಟು ಮುಂದೆ ಸಾಗುತ್ತಿರುವದು; ಕೆಲಸಗಾರನು ನಿಂತಲ್ಲಿಯೇ ನಿಂತು ದಿನವಿಡೀ ಒಂದೇ ಕೆಲಸವನ್ನು ಮಾಡುತ್ತಿರುವನು. ಹನ್ನೆರಡು ತಾಸಿಗೂ ಮಿಕ್ಕಿ ಹಿಡಿಯುತ್ತಿದ್ದ ಚೌಕಟ್ಟಿನ ಜೋಡಣೆಯು ಮರುವರ್ಷ ಸುಮಾರು ಒಂದೂವರೆ ತಾಸಿಗೆ ಇಳಿಯಿತು. ಆದರೆ ಜನರಿಗೆ ಆ ದುಡಿಮೆಯು ಬೇಸರ ತಂದಿತು. ಅವರು ತಂಡತಂಡವಾಗಿ ಬಿಟ್ಟುಹೋದರು. ಸುಮಾರು 14,000 ಕೆಲಸಗಾರರನ್ನು ಇಟ್ಟುಕೊಳ್ಳಲು ಆ ವರ್ಷ 50,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ಪ್ರತಿಯೊಬ್ಬ ಹೊಸಬನಿಗೂ ಕೆಲಸ ಕಲಿಸುವ ವೆಚ್ಚವೇನು ಕಡಿಮೆಯೇ?

1914ನೆಯ ಜನೇವರಿ 5ರಂದು ಒಡೆಯರು ಹೊಸ ನಿಯಮವನ್ನು ಸಾರಿದರು. ಒಂಬತ್ತು ತಾಸಿನ ದುಡಿಮೆ ಎಂಟಕ್ಕಿಳಿಯಿತು. ಎರಡೂಕಾಲು ಡಾಲರಿಗೆ ತುಸು ಮಿಕ್ಕಿದ್ದ ದಿನಗೂಲಿಯು, ಲಾಭದ ಪಾಲು ಕೂಡಿ, ಐದು ಡಾಲರಿಗೇರಿತು. ಕೆಲಸ ಬಿಡುವವರ ಪ್ರಮಾಣ 1913ರಲ್ಲಿ ನೂರಕ್ಕೆ 370 ಇದ್ದುದು 1915ರಲ್ಲಿ ನೂರಕ್ಕೆ 16 ಆಯಿತು. ಗೈರುಹಾಜರಿಯೂ ತಗ್ಗಿತು. ಪಳಗಿದ ಕೈಗಳು ಉಳಿದುದರಿಂದ ಯಂತ್ರಗಳ ಪೂರ್ಣ ಪ್ರಯೋಜನವು ದೊರೆಯಿತು. ಇದು ದಾನವಲ್ಲ, ವಿವೇಕದ ವ್ಯವಹಾರ.

ಆದರೂ ಇದರಲ್ಲಿ ಒಂದು ಕುಂದಿದ್ದಿತು. ಲಾಭದ ಪಾಲಿಗೆ ಯೋಗ್ಯನೋ ಅಲ್ಲವೋ ಎಂದು ನೋಡಲು ಪರೀಕ್ಷಕರು ಕೆಲಸಗಾರನ ಮನೆಗೇ ಹೋಗಿ ಅವನ ಕುಡಿತ, ಚೊಕ್ಕತನ, ಉಳಿತಾಯಗಳನ್ನು ವಿಚಾರಿಸುತ್ತಿದ್ದರು. ಕೂಲಿ ಹೆಚ್ಚಿದರೂ ನಂಬಿಕೆ ಹೆಚ್ಚಲಿಲ್ಲ. ಕೆಲಸಗಾರರ ಸಂಘವನ್ನು ಒಡೆಯರು ಬಹುಕಾಲ ಎದುರಿಸಿ, ಕೊನೆಗೆ 1941ರಲ್ಲಿ, ಮುಷ್ಕರವಾದ ಬಳಿಕವೇ ಒಪ್ಪಿಕೊಂಡರು.

ನಮ್ಮಲ್ಲಿಯೂ ಪಾಠಶಾಲೆ, ಪ್ರಸಾದನಿಲಯ, ಅಂಗಡಿ, ಕಾರಖಾನೆಗಳನ್ನು ನಡೆಯಿಸುವವರಿದ್ದಾರೆ. ವರ್ಷಕ್ಕೊಮ್ಮೆ ಜಮಾಖರ್ಚನ್ನು ನೋಡುವಂತೆ, ಬಿಟ್ಟುಹೋದವರೆಷ್ಟು, ಏಕೆ ಹೋದರು ಎಂಬ ಲೆಕ್ಕವನ್ನೂ ಅವರು ನೋಡಬೇಕು. ತಕ್ಕ ಕೂಲಿ, ತಕ್ಕ ವಿಶ್ರಾಂತಿ, ಕಲಿಯುವ ಅವಕಾಶ, ಇವುಗಳೊಡನೆ ಗೌರವವೂ ಸಲ್ಲಬೇಕು. ಗೌರವವಿಲ್ಲದೆ ಕೊಟ್ಟ ಕೂಲಿಯು ಕೈಗಳನ್ನು ತರುವದು, ಮನಸ್ಸನ್ನು ತರಲಾರದು. ಇಷ್ಟನ್ನು ವಿಜ್ಞಾಪಿಸಿ ನನ್ನ ಮಾತನ್ನು ಮುಗಿಸುವೆನು.